ಗುರುಬಸವನ ಹುಣಸೆಬೀಜ

ಭಾನುವಾರ ಹೊತ್ತೇರುವ ತನಕ ಮಲಗುವುದು ಗುರುಬಸವನ ಹಕ್ಕು. ವೋಟು ಹಾಕುವುದೂ ಒಂದು ಹಕ್ಕು ಎಂದು ಯಾರಾದರೂ ನೆನಪಿಸಿದರೆ ಅವನದು ಒಂದೇ ಮಾತು: "ಯಾರ ಬಂದ್ರೂ ಅಷ್ಟ ಬಿಡ್ರಿ." ವಿಧಾನಸಭೆ ಚುನಾವಣೆಯ ದಿನವೂ ಪುಣ್ಯಾತ್ಮ ಹೀಗೆಂದೇ ಗೊರಕೆ ಹೊಡೆದಿದ್ದ.

ಈ ಭಾನುವಾರ ತೆಲುಗು ನಾಡಿನ ಮಲ್ಕಾಜ್‌ಗಿರಿಯ ಅವನ ಅಪಾರ್ಟ್‌ಮೆಂಟಿನಲ್ಲೇ ಸಂಘದ ಅಧ್ಯಕ್ಷರ ಚುನಾವಣೆ. ಬೋರ್‌ವೆಲ್ ಬತ್ತಿ ಎಲ್ಲರೂ ಟ್ಯಾಂಕರ್ ನೀರು ನಂಬಿ ಕೂತಿದ್ದರು. ದಿನಾ ನಸುಕಿನಲ್ಲಿ ಎದ್ದು, ಟ್ಯಾಂಕರ್ ಪಕ್ಕದ ಬೀದಿಗೆ ಹೋಗದಂತೆ ಗೇಟಿನಲ್ಲಿ ತಡೆಯುವುದೇ ಅಧ್ಯಕ್ಷರ ಕೆಲಸ. ಅಭ್ಯರ್ಥಿಗೊಂದು ಸ್ಟೀಲ್ ಡಬ್ಬಿ, ಅದರ ಮೇಲೆ ಫೋಟೊ. ಬೇಕಾದವರ ಡಬ್ಬಿಗೆ ಒಂದು ಹುಣಸೆಬೀಜ ಹಾಕಿದರಾಯಿತು.

ಚುನಾವಣೆ ನಡೆಸುತ್ತಿದ್ದ ಕಾಶಿನಾಥರು ಎರಡು ಸಲ ಬೆಲ್ ಒತ್ತಿ ಸೋತರು. ಕೊನೆಗೆ ಹೆಂಡತಿ ಬಸಲಿಂಗಮ್ಮ ಚಾದರ ಎಳೆದಳು. "ಹ್ವಾದ ವಾರ ಮೀಟಿಂಗಿನ್ಯಾಗೂ ತೂಕಡಿಸಿದ್ರಿ. ಇವತ್ತರ ಕಣ್ಣು ತೆರೆದು, ವಿಚಾರ ಮಾಡಿ ಹಾಕ್ರಿ."

ಬೇಗ ಮುಗಿಸಿ ಮಲಗಿದರಾಯಿತು ಎಂದು ಗುರುಬಸವ ಲುಂಗಿಯಲ್ಲೇ ಇಳಿದ. ಫೋಟೊ ನೋಡಿ ಎಂದು ಕಾಶಿನಾಥರು ಅಂದರೆ, ಏನು ನೋಡೋದು, ಎಲ್ಲಾ ಒಂದೇ ಎಂದು ಕಣ್ಣು ಮುಚ್ಚಿ, ಕೈಗೆ ಸಿಕ್ಕ ಡಬ್ಬಿಗೆ ಬೀಜ ಹಾಕಿ ಮತ್ತೆ ಹಾಸಿಗೆ ಸೇರಿದ.

ಇನ್ನೇನು ನಿದ್ದೆ ಹತ್ತಬೇಕು, ಮನೆ ತುಂಬ ಜನ. ಕಾಶಿನಾಥರು ಹಾರ ಹಾಕಿಯೇಬಿಟ್ಟರು. "ಯಶವಂತನ ಮ್ಯಾಲೆ ಒಂದ ಬೀಜದಾಗ ಗೆದ್ದೀರಿ, ಅಧ್ಯಕ್ಷರ. ನಿಮ್ಮ ಬೀಜಾನೂ ನಿಮ್ಮ ಡಬ್ಬಿಗೇ ಬಿತ್ತಲ್ರಿ."

"ನಾ ಯಾವಾಗ ನಿಂತಿದ್ನಿರಿ?"

ಹೋದ ವಾರದ ಮೀಟಿಂಗಿನಲ್ಲಿ, ದಿನಾ ಸಂಘವನ್ನು ಬೈಯುವವರಿಗೇ ಒಮ್ಮೆ ಅಧ್ಯಕ್ಷಗಿರಿ ಕೊಟ್ಟು ನೋಡೋಣವೆಂದು, ನಿಲ್ಲುತ್ತೀರಾ ಎಂದು ಕೇಳಿದ್ದರಂತೆ. ಅವನು ಎಲ್ಲರೆದುರು ಚೆನ್ನಾಗಿ ಗೋಣು ಆಡಿಸಿದ್ದನಂತೆ. ನನಗೇಕೆ ಹೇಳಲಿಲ್ಲವೆಂದು ಹೆಂಡತಿಯ ಮೇಲೆ ಹರಿಹಾಯ್ದ.

"ಹೇಳಾಕ ಬಂದ್ರ ಚುನಾವಣಿ ಸುದ್ದಿ ಬ್ಯಾಡಂತ ಮುಸುಕು ಎಳಕೊಂಡ್ರಿ. ನಾ ಯಶವಂತಗ ಹಾಕೀನಿ. ನೀವು ಏಳೂ ಹೊತ್ತು ನನಗ ಗೊತ್ತಿಲ್ಲೇನು?"

ನಸುಕಿನಲ್ಲಿ ಓಡಲು ಹೋಗುವ ಯಶವಂತನ ಡಬ್ಬಿಗೆ ತನ್ನ ಬೀಜ ಬಿದ್ದಿದ್ದರೆ ಹಾರವೂ ಅಲ್ಲಿಗೇ ಹೋಗುತ್ತಿತ್ತು. ಗುರುಬಸವನಿಗೆ ಅಳುವೇ ಬಂತು.

ಮರುದಿನ ನಸುಕಿಗೆ ಮಂಕಿಕ್ಯಾಪ್ ಹಾಕಿಕೊಂಡು ಗೇಟಿಗೆ ಒರಗಿ ನಿಂತ. ಟ್ಯಾಂಕರ್ ಬಂತು. ಪಕ್ಕದ ಬೀದಿಗೆ ಹೋಗಲೇ ಎಂದು ಡ್ರೈವರ್ ತೆಲುಗಿನಲ್ಲಿ ಕೇಳಿದ. ತೂಕಡಿಸುತ್ತಿದ್ದ ಅಧ್ಯಕ್ಷರು ಗೋಣು ಆಡಿಸಿದರು.

ಟ್ಯಾಂಕರಿನ ಸದ್ದು ದೂರವಾದ ಮೇಲೆ ಎಚ್ಚರವಾಗಿ ತಲೆ ಎತ್ತಿದ. ಮೂರನೇ ಮಹಡಿಯ ಪಾರ್ವತೆಮ್ಮ ಖಾಲಿ ಕೊಡ ಹಿಡಿದು ಪಕ್ಕದ ಮನೆಯವರಿಗೆ ಹೇಳುತ್ತಿದ್ದರು:

"ಯಾರ ಬಂದ್ರೂ ಅಷ್ಟ ಬಿಡ್ರಿ."