ಕೋಟಲ್ರಿ, ಜಾಕೆಟ್!

ಬಟ್ಟೆಯ ವಿಷಯದಲ್ಲಿ ನನ್ನ ಅಭಿರುಚಿ ಉನ್ನತ ಮಟ್ಟದ್ದು ಎಂಬುದರಲ್ಲಿ ನನಗೆ ಎಂದೂ ಸಂಶಯವಿರಲಿಲ್ಲ. ಸಂಶಯವೆಲ್ಲ ನನ್ನ ಹೆಂಡತಿ ಶಿವಲೀಲಾಳಿಗೆ. ಗೋಕಾಕದ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನಾನು ಇಷ್ಟು ವರ್ಷ ಬಿಳಿ ಅಂಗಿ, ಕರಿ ಪ್ಯಾಂಟಿನಲ್ಲೇ ಕಾಲ ಕಳೆದದ್ದು ಅಭಿರುಚಿಯ ಕೊರತೆಯಿಂದಲ್ಲ, ಅವಕಾಶದ ಕೊರತೆಯಿಂದ. ಆ ಅವಕಾಶ ಈ ಬೇಸಿಗೆಯಲ್ಲಿ ಬಂತು.

ಮಗಳು ಅಶ್ವಿನಿ ತನ್ನ ಬ್ಯಾಂಕಿನಲ್ಲೇ ಕೆಲಸ ಮಾಡುವ ಹುಕ್ಕೇರಿಯ ಹುಡುಗನನ್ನು ಮೆಚ್ಚಿದ್ದಳು. ಒಳ್ಳೆಯ ಹುಡುಗ. ನಾವು ಹೋಗಿ ಮನೆ ನೋಡಿಕೊಂಡು ಬರುವುದು, ಅವನ ತಂದೆ ಈರಪ್ಪನವರು 'ಹೂಂ' ಅನ್ನುವುದು, ಇಷ್ಟೇ ಬಾಕಿ. ಆದರೆ ಆ 'ಹೂಂ' ಸುಲಭದ್ದಲ್ಲ ಎಂದು ಮಗಳು ಮೊದಲೇ ಎಚ್ಚರಿಸಿದ್ದಳು.

"ಅಪ್ಪಾ, ಅವರಿಗಿ ರಾಜಕೀಯದ ಮಂದಿ ಅಂದ್ರ ಆಗಂಗಿಲ್ಲ. ಹುಡುಗಿ ಕಾಕಾ ಪುಢಾರಿ ಅಂತ ಒಂದು ಚಲೋ ಸಂಬಂಧ ಬಿಟ್ಟಾರ. ನೀ ಅಲ್ಲಿ ಇಲೆಕ್ಷನ್ ಮಾತು ತಗೀಬ್ಯಾಡ. ಸಾದಾ ಇರು, ಸಾಕು."

ಸಾದಾ! ಅಂದರೆ ಈಗಿನವರು ಹೇಳುವ ಕ್ಯಾಜುವಲ್! ಅದೇ ದಿನ ಮೊಬೈಲಿನಲ್ಲಿ ಒಂದು ಚಿತ್ರ ನೋಡಿದ್ದೆ. ನನ್ನದೇ ವಯಸ್ಸಿನ ಗಂಡಸು, ಜೀನ್ಸ್ ಮೇಲೆ ಗೋದಿಬಣ್ಣದ ತೆಳು ಜಾಕೆಟ್, ತೋಳು ಮೊಣಕೈವರೆಗೆ ಮಡಚಿದ್ದು. ಗೋಡೆಗೆ ಒರಗಿ ಎಷ್ಟು ಆರಾಮಾಗಿ ನಿಂತಿದ್ದ! ನಾನು ಜನ್ಮದಲ್ಲಿ ಹಾಗೆ ನಿಂತವನಲ್ಲ. ಕೂತರೆ ಕಾಲು ಕುಣಿಸುತ್ತೇನೆ, ನಿಂತರೆ ಕಿಸೆಯ ಕೀಲಿ ಗಲಗಲಿಸುತ್ತೇನೆ. ಅಂಥ ಜಾಕೆಟ್ ಹೊಲಿಸಿದರೆ ಆ ಆರಾಮವೂ ಜೊತೆಗೇ ಬರುತ್ತದೆ ಎಂದು ತೀರ್ಮಾನಿಸಿದೆ.

ಮದುವೆಯ ದಿನಗಳಾದ್ದರಿಂದ ಗೋಕಾಕದ ಟೇಲರುಗಳು ತಲೆಯನ್ನೇ ಎತ್ತಲಿಲ್ಲ. ಮೂಡಲಗಿಯ ಚನ್ನಪ್ಪ ಟೇಲರ್ ಇಂಥದರಲ್ಲಿ ಪಳಗಿದವನು ಎಂದು ಯಾರೋ ಹೇಳಿದರು. ಬಟ್ಟೆ ಹಿಡಿದು ಓಡಿದೆ.

"ಕೋಟ್ ಹೊಲಸೂದೈತೇನ್ರಿ, ಸರ?"

"ಕೋಟಲ್ರಿ, ಜಾಕೆಟ್!" ತಿದ್ದಿದೆ. ತಿದ್ದುವುದು ನನ್ನ ವೃತ್ತಿ.

"ಜಾಕೀಟ?"

"ಹಾಂ. ಬ್ಯಾಸಿಗಿಗಿ ಹಗೂರ ಇರಬೇಕು. ಜೀನ್ಸ್ ಮ್ಯಾಲೆ ಹಾಕ್ಕೊಳ್ಳಾಕ."

ಚನ್ನಪ್ಪನ ಮುಖ ಅರಳಿತು. "ತಿಳೀತ ಬಿಡ್ರಿ! ಈಗಿನ ಯುವ ನಾಯಕರೆಲ್ಲಾ ಹಂಗ ಜೀನ್ಸ್ ಮ್ಯಾಲೇ ಹಾಕ್ಕೊಂತಾರ. ಈ ಸಲ ನೀವೂ ಇಳದ್ರಿ ಅನ್ನ್ರಿ!"

ಅವನ ವಾಕ್ಯದಲ್ಲಿ 'ಯುವ' ಎಂಬ ಶಬ್ದ ಮಾತ್ರ ನನ್ನ ಕಿವಿಗೆ ಬಿತ್ತು. ಕೂದಲಿಗೆ ಬಣ್ಣ ಹಚ್ಚಿದ್ದು ಸಾರ್ಥಕವಾಯಿತು.

"ಇಳದ ಬಿಟ್ಟೇನ್ರಿ!" ಅಂದೆ.

"ಸೀಜನ್ ಐತ್ರಿ. ಸುತ್ತಲ ಊರಾವ್ರೆಲ್ಲಾ ನನ್ನ ಕಡೇನ ಬರಾಕತ್ತಾರ."

ಬೇಸಿಗೆಯ ಸೀಜನ್ ಅಂದುಕೊಂಡೆ. ಹೊರಗೆ ಚುನಾವಣಾ ಪ್ರಚಾರದ ಆಟೋ ಕಿವಿ ಹರಿಯುವಂತೆ ಕಿರುಚುತ್ತಿತ್ತು. ಎರಡನ್ನೂ ಕೂಡಿಸುವಷ್ಟು ಗಣಿತ ಆ ಹೊತ್ತಿಗೆ ನನ್ನಲ್ಲಿ ಉಳಿದಿರಲಿಲ್ಲ.

"ಅಳಗ್ಯಾಡಬ್ಯಾಡ್ರಿ ಸರ, ಸುಮ್ಮ ನಿಂದರ್ರಿ" ಎನ್ನುತ್ತಲೇ ಅವನು ಎದೆ ಅಳೆದ, ಹೊಟ್ಟೆ ಅಳೆದ, ಕೊರಳು ಅಳೆದ. ತೋಳು ಮಾತ್ರ ಅಳೆಯಲಿಲ್ಲ. ಎಂಥ ಅನುಭವ, ನೋಡಿಯೇ ಅಳತೆ ಹಿಡಿಯುತ್ತಾನಲ್ಲ ಎಂದು ಮನಸ್ಸಿನಲ್ಲೇ ಕೈ ಮುಗಿದೆ!

ಅಲ್ಲಿಂದ ಶುರುವಾಯಿತು ಚಡಪಡಿಕೆ. ಫೋನ್ ಮಾಡಿದಾಗಲೆಲ್ಲ ಚನ್ನಪ್ಪನದು ಒಂದೇ ಉತ್ತರ: "ಕಾಜಾ ಹಾಕೂದೊಂದ ಬಾಕಿ ಐತ್ರಿ." ಆ ಗುಂಡಿಯ ತೂತುಗಳಿಗಾಗಿ ನಾನು ಊಟ ಬಿಟ್ಟೆ, ತರಗತಿಯಲ್ಲಿ ವೃತ್ತಕ್ಕೆ ಕೇಂದ್ರ ಇಡಲು ಮರೆತೆ. ಕೊನೆಗೆ ಹುಕ್ಕೇರಿಗೆ ಹೋಗುವ ದಿನವೇ ಬೆಳಿಗ್ಗೆ "ತಯಾರ್ ಐತ್ರಿ" ಎಂದ.

"ಜಗತ್ತಿನ್ಯಾಗ ಬ್ಯಾರೆ ಅಂಗಿನ ಇಲ್ಲೇನ್ರಿ?" ಶಿವಲೀಲಾ ಸಿಡುಕಿದಳು.

"ನೀ ನಿನ್ನ ತಮ್ಮನ ಕಾರಿನ್ಯಾಗ ಹೋಗು. ನಾ ಮೂಡಲಗಿಗಿ ಹೋಗಿ ಹಂಗ ಗಾಡಿ ಮ್ಯಾಲೆ ಹುಕ್ಕೇರಿಗಿ ಬರ್ತೇನಿ."

"ಮೂಡಲಗಿ ಆ ದಿಕ್ಕ, ಹುಕ್ಕೇರಿ ಈ ದಿಕ್ಕ!"

ಭೂಗೋಳ ನನ್ನ ವಿಷಯವಲ್ಲ. ಹೊರಟೆ.

ಚನ್ನಪ್ಪ ಪೇಪರಿನಲ್ಲಿ ಸುತ್ತಿ ಇಟ್ಟಿದ್ದ. ಅವಸರದಲ್ಲಿ ಬಿಚ್ಚಿ ನೋಡಲಿಲ್ಲ. ಇಸ್ತ್ರಿ ಕೆಡಬಾರದೆಂದು ಹುಕ್ಕೇರಿಯ ಹತ್ತಿರ ಹೋಗಿ ಹಾಕಿಕೊಳ್ಳುವ ಯೋಜನೆ. ಬಿಳಿ ಅಂಗಿ, ಹೊಸ ಜೀನ್ಸ್, ಹ್ಯಾಂಡಲಿಗೆ ಗೋಕಾಕದ ಕರದಂಟಿನ ಡಬ್ಬಿ. ಗೋಕಾಕ ದಾಟಿದೆ, ಘಟಪ್ರಭಾ ದಾಟಿದೆ. ಮುಂದೊಂದು ಬಸ್ಸು. ಅದನ್ನು ಹಿಂದೆ ಹಾಕುವ ಉಮೇದಿನಲ್ಲಿ ಪಕ್ಕಕ್ಕೆ ಬಂದೆನೋ ಇಲ್ಲವೋ, ಕಿಟಕಿಯಿಂದ ಒಂದು ತಲೆ ಹೊರಬಂತು. ಎಲೆ ಅಡಿಕೆ ಹದವಾಗಿ ಮೆದ್ದ ತಲೆ.

ಪಿಚಕ್!

ಎಡ ಎದೆಯ ಮೇಲೆ ಕೆಂಪು ನಕಾಶೆ ಮೂಡಿತು. ಸಿಟ್ಟಿನಲ್ಲಿ ಬೈಯಲು ಬಾಯಿ ತೆರೆಯುವಷ್ಟರಲ್ಲಿ ಬಸ್ಸು ಹೋಗಿಯೇ ಬಿಟ್ಟಿತು. ಬಾಯಿ ಆಗ ಮುಚ್ಚಿತ್ತಲ್ಲ ಎಂಬುದೊಂದೇ ಸಮಾಧಾನ.

ರಸ್ತೆ ಬದಿಯ ಚಹಾ ಅಂಗಡಿಯಲ್ಲಿ ತೊಳೆದೆ. ತೊಳೆದಷ್ಟೂ ಹರಡಿತು. ಚಿಂತೆಯಿಲ್ಲ, ಜಾಕೆಟ್ ಇದೆ! ಗಂಟು ಬಿಚ್ಚಿದೆ. ಮುಂಭಾಗ ಇತ್ತು, ಬೆನ್ನು ಇತ್ತು, ನೆಟ್ಟಗೆ ನಿಂತ ಕಾಲರ್ ಇತ್ತು. ತೋಳುಗಳಿರಲಿಲ್ಲ. ಪೇಪರನ್ನೂ ಝಾಡಿಸಿ ನೋಡಿದೆ. ಚನ್ನಪ್ಪನಿಗೆ ಫೋನ್ ಹಚ್ಚಿದೆ.

"ಟೇಲರ್ ಮಾಸ್ತರ, ತೋಳು ಅಲ್ಲೇ ಉಳದಾವು ಅಂತ ಕಾಣ್ತೈತಿ!"

"ಯಾವ ತೋಳ್ರಿ? ಜಾಕೀಟಿಗೆ ಎಲ್ಲೀ ತೋಳು? ತೋಳ ಇದ್ರ ಅದು ಕೋಟ್ರಿ! ಕೋಟಲ್ಲ ಅಂತ ನೀವ ಹೇಳೀರಿ."

ಹೌದು, ನಾನೇ ಹೇಳಿದ್ದೆ. ಒತ್ತಿ ಹೇಳಿದ್ದೆ! ನಮ್ಮ ಕಡೆ ಜಾಕೀಟು ಎಂದರೆ ಪುಢಾರಿಗಳು ಅಂಗಿಯ ಮೇಲೆ ಏರಿಸುವ ತೋಳಿಲ್ಲದ ಅಂಗಿ ಎಂಬುದು ಹುಟ್ಟಿದ ಮಗುವಿಗೂ ಗೊತ್ತು. ನನಗೂ ಗೊತ್ತಿತ್ತು, ಆ ಚಿತ್ರ ನೋಡುವತನಕ.

ಅತ್ತ ಶಿವಲೀಲಾಳ ಫೋನು: "ಎಲ್ಲಿ ಅದೀರಿ? ಅವರು ಕಾಯಾಕತ್ತಾರ." ಉಗುಳಿನ ಅಂಗಿಯೋ, ಪುಢಾರಿ ಜಾಕೀಟೋ? ಜಾಕೀಟು ಹಾಕಿ ಕೊರಳವರೆಗೆ ಗುಂಡಿ ಬಿಗಿದೆ. ಕನ್ನಡಿ ಇರಲಿಲ್ಲ. ಬೇಕಾಗಲೂ ಇಲ್ಲ. ಚಹಾ ಅಂಗಡಿಯ ಬೆಂಚಿನಲ್ಲಿದ್ದವರೆಲ್ಲ ಎದ್ದು ನಿಂತರು!

"ಸಾಹೇಬ್ರ, ನಮ್ಮ ಓಣ್ಯಾಗ ಬೋರ್ ಕೆಟ್ಟೈತ್ರಿ. ಯಾರೂ ನೋಡವಲ್ರು."

ತಪ್ಪಿಸಿಕೊಳ್ಳುವ ಅವಸರದಲ್ಲಿ ನನ್ನ ಬಾಯಿಂದ ಬಂದದ್ದು, "ನೋಡೂಣ, ಮಾಡೂಣ." ಅವರಿಗಿದ್ದ ಅಲ್ಪಸ್ವಲ್ಪ ಸಂಶಯವೂ ಹೋಯಿತು. "ನಾವೂ ಹುಕ್ಕೇರಿಗೇ ಹೊಂಟೇವಿ, ನಡೀರಿ ಸಾಹೇಬ್ರ" ಎಂದು ಎರಡು ಬೈಕು ಬೆನ್ನು ಹತ್ತಿದವು. ಜೋರು ಹೊಡೆದರೆ ಅವರೂ ಜೋರು. ಸಾವಕಾಶ ಹೋದರೆ ಅವರೂ ಸಾವಕಾಶ. ಊರೊಳಗೆ ಹಾರ್ನ್ ಬೇರೆ!

ಈ ಮೆರವಣಿಗೆ ಸಮೇತ ಈರಪ್ಪನವರ ಮನೆ ಮುಂದೆ ಇಳಿದೆ. ಅವರು ಬಾಗಿಲಲ್ಲೇ ನಿಂತಿದ್ದರು. ದೊಡ್ಡ ಆಳು, ಬಿಳಿ ಮೀಸೆ.

"ಇವತ್ತ ನಮ್ಮನಿಗಿ ಬೀಗರು ಬರಾವ್ರದಾರ. ವೋಟ್ ಕೇಳಾಕ ನಾಳಿ ಬರ್ರಿ. ನಾಳಿನೂ ಬರಬ್ಯಾಡ್ರಿ!"

"ನಾನ ರೀ ಬೀಗ!"

"ಸಾಹೇಬ್ರು ಬೋರ್ ಮಾಡಸ್ತೇನಂದಾರ್ರಿ!" ಹಿಂದಿನಿಂದ ಬೈಕಿನವನು ಸಾಕ್ಷಿ ನುಡಿದ.

ಈರಪ್ಪನವರ ಮೀಸೆ ಅದುರಿತು. ಒಳಗಿಂದ ಶಿವಲೀಲಾ ಬಂದಳು. "ಇವರು ನಿಮ್ಮ ಮನಿಯವ್ರೇನ್ರಿ?" ಎಂದು ಅವರು ಕೇಳಿದರು. ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಸ್ವಲ್ಪ ಯೋಚಿಸಿ, ಹೌದೆಂದಳು. ಅದರಲ್ಲಿ ಯೋಚಿಸುವಂಥದ್ದೇನಿತ್ತು ಎಂದು ನಾನು ಇವತ್ತಿಗೂ ಕೇಳುತ್ತಿದ್ದೇನೆ.

ಒಳಗೆ ಕೂತೆ. ನೆತ್ತಿಯಿಂದ ಬೆವರು ಇಳಿಯುತ್ತಿತ್ತು, ಕಾಲು ತಾನೇ ಕುಣಿಯುತ್ತಿತ್ತು. ಮಗಳ ಮುಖ ಕಣ್ಣ ಮುಂದೆ ಬಂತು. ಒಂದು ಬಟ್ಟೆಯ ಹುಚ್ಚಿಗೆ ಅವಳ ಸಂಬಂಧ ಮುರಿಯುತ್ತದಲ್ಲಪ್ಪ ಎಂದು ನಿಜಕ್ಕೂ ಹೆದರಿದೆ.

"ಸೆಕಿ ಐತಿ, ಜಾಕೀಟ್ ತಗೀರಿ."

"ಇರ್ಲಿ ಬಿಡ್ರಿ."

"ಬೆವರಿನ್ಯಾಗ ತೊಯ್ದ್ರೂ ಅದನ್ನ ಬಿಡಾಂಗಿಲ್ಲ ಅಂತಾರ. ಇವರು ಖರೇನ ಪುಢಾರಿ ಅದಾರ್ರಿ!" ಈರಪ್ಪನವರು ಎದ್ದೇ ಬಿಟ್ಟರು.

ಶಿವಲೀಲಾಳ ತಾಳ್ಮೆ ಮುಗಿಯಿತು. ಬಂದವಳೇ ಸರಸರ ಗುಂಡಿ ಬಿಚ್ಚಿದಳು. ಕೆಂಪು ನಕಾಶೆ ಹೊರಬಿತ್ತು. ಅವಳು "ಅಯ್ಯಯ್ಯ, ರಕ್ತ!" ಎಂದು ಕಿರುಚಿದಳು. ಬೇರೆ ದಾರಿಯಿರಲಿಲ್ಲ. ಮೊಬೈಲಿನ ಚಿತ್ರದಿಂದ ಹಿಡಿದು ಬಸ್ಸಿನ ಕಿಟಕಿಯವರೆಗೆ ಎಲ್ಲ ಒದರಿದೆ.

ಈರಪ್ಪನವರು ಒಂದು ಕ್ಷಣ ನನ್ನ ಎದೆಯನ್ನೇ ನೋಡಿದರು. ಆಮೇಲೆ ಮನೆ ನಡುಗುವಂತೆ ನಕ್ಕರು.

"ಪುಢಾರಿಗಿ ಮಂದಿ ಬೆನ್ನ ಹಿಂದ ಉಗುಳ್ತಾರ್ರಿ. ಹಿಂಗ ಎದಿ ಮ್ಯಾಲೆ ಉಗುಳಿಸಿಕೊಂಡು ಬಂದಾರಂದ್ರ ಇವರು ನಮ್ಮಂಥಾವ್ರ! ಹೂಂ, ಸಕ್ಕರಿ ತರ್ರಿ!"

'ಹೂಂ' ಅಂದರು! ತಮ್ಮದೇ ಒಂದು ಅಂಗಿ ಕೊಟ್ಟರು. ನನ್ನಂಥವರು ಇಬ್ಬರು ಹಿಡಿಯುವಷ್ಟು ಅಗಲದ ಆ ಅಂಗಿಯಲ್ಲಿ ಕೂತು ಮಗಳ ಮದುವೆಯ ಮಾತು ಮುಗಿಸಿದೆ. ಹೊರಗಿದ್ದ ಬೋರಿನವರಿಗೂ ಚಹಾ, ಕರದಂಟು ಸಿಕ್ಕಿತು.

ಮದುವೆಯ ಬಟ್ಟೆಗಳನ್ನೆಲ್ಲ ಈಗ ಅಶ್ವಿನಿಯೇ ನೋಡಿಕೊಳ್ಳುತ್ತಿದ್ದಾಳೆ. ನನಗೆ ಧೋತರ, ಅಂಗಿ, ಶಲ್ಯ, ರುಮಾಲು ಎಲ್ಲ ತಂದಿಟ್ಟಾಗಿದೆ. ನನ್ನ ಅಭಿರುಚಿಗೆ ಏನೂ ಉಳಿಯಲಿಲ್ಲವಲ್ಲ ಎಂದು ಮುಖ ಇಳಿಬಿಟ್ಟೆ. ಅವಳಿಗೆ ಕನಿಕರ ಬಂತು. ಒಂದು ಉಡುಪನ್ನು ಮಾತ್ರ ಸ್ವಂತ ಬುದ್ಧಿಯಿಂದ ಆರಿಸಿಕೊಳ್ಳಲು ಅಪ್ಪಣೆ ಕೊಟ್ಟಿದ್ದಾಳೆ.

ಬನಿಯನ್ನು!