ಎರಡು ಸಾವಿರದ ಐನೂರಿಪ್ಪತ್ತು ಉಂಡೆ

ಬರ್ಮಾದ ಮಾಂಡಲೆಯ ಚಹಾ ಕಾರ್ಖಾನೆಯಲ್ಲಿ ಡಬ್ಬಿಗಳ ಲೆಕ್ಕವಿಡುವ ಗುಮಾಸ್ತ ಝೇಯಾ, ಮನೆಯಲ್ಲಿ ಮಾತ್ರ ಯಾವ ಲೆಕ್ಕಕ್ಕೂ ಇಲ್ಲದವನು. ಮದುವೆಯಾಗಿ ಮೂರು ನೀರಿನ ಹಬ್ಬ ಕಳೆದರೂ ಅತ್ತೆ ಡೋ ಸೇನ್ ಅವನನ್ನು ನಂಬಿ ಕೊಟ್ಟದ್ದು ತೆಂಗಿನಕಾಯಿ ತುರಿಯುವ ಮಣೆಯೊಂದನ್ನೇ. ಈ ಸಲ ಹಬ್ಬಕ್ಕೆ ಹಂಚುವ, ಬೆಲ್ಲ ತುಂಬಿದ ಅಕ್ಕಿಯುಂಡೆ ಎಷ್ಟಿರಬೇಕೆಂಬ ಮಾತು ಬಂದದ್ದೇ ತಡ, ಅವನು ಎದ್ದು ನಿಂತ.

"ಎರಡು ಸಾವಿರದ ಐನೂರಿಪ್ಪತ್ತು!"

"ಆ ಕೊನೇ ಇಪ್ಪತ್ತು ನಿಮಗಾ?" ಎಂದಳು ಹೆಂಡತಿ ಥಂದಾ.

"ನಗಬೇಡ ಕಣೇ. ಸಮಪಾಲಿಗೆ ಎಷ್ಟು ಗಲ್ಲಿಯವರು ಪಾತ್ರೆ ತರ್ತಾರೋ ಗೊತ್ತಿರಲ್ಲ. ಮಿಕ್ಕ ಒಂದೆರಡು ಉಂಡೆಗೆ ಪ್ರತಿ ವರ್ಷ ಜಗಳ. ಇದನ್ನ ಏಳು ಪಾಲು ಮಾಡು, ಒಂಬತ್ತು ಮಾಡು, ಒಂದರಿಂದ ಹತ್ತರವರೆಗೆ ಎಷ್ಟೇ ಮಾಡು, ಒಂದೂ ಮಿಗಲ್ಲ. ಇದಕ್ಕಿಂತ ಚಿಕ್ಕ ಯಾವ ಸಂಖ್ಯೆಗೂ ಈ ಯೋಗ್ಯತೆ ಇಲ್ಲ!"

(ಅವನ ಕಣ್ಣಿಗೆ ಅದು ಸಂಖ್ಯೆಯಲ್ಲ, ಹತ್ತು ಮಕ್ಕಳಿಗೂ ಭೇದವೆಣಿಸದೆ ಬಡಿಸುವ ಮಹಾತಾಯಿ.)

ಅತ್ತೆ ಬೆರಳು ಮಡಿಸಿ, ಬಿಡಿಸಿ, ಸೋತರು. "ಅಳಿಯಂದ್ರ ತಲೇಲೂ ಏನೋ ಇದೆ ಕಣೇ! ಎಣಿಸೋದು, ಕಾಯೋದು ಈ ಸಲ ಅವರದ್ದೇ."

ಹಬ್ಬದ ಬೆಳಿಗ್ಗೆ ಝೇಯಾ ಎಣಿಸಿದ: ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಆ ಪೂರ್ಣತ್ವದ ಮುಂದೆ ಕೈಮುಗಿದು ಕೂತ. ಮುಗಿದ ಕೈ ಸ್ವಲ್ಪ ಹೊತ್ತಿಗೆ ತಾನಾಗಿ ಬಿಚ್ಚಿತು. ಕೊಪ್ಪರಿಗೆಯ ಮೇಲ್ತುದಿಯ ಉಂಡೆ ಬಾಯಿಗೆ ಹೋಯಿತು. ಒಳಗೆ ಬೆಲ್ಲವಿರಲಿಲ್ಲ. ಹಬ್ಬದ ತಮಾಷೆಗೆಂದು ಯಾವುದೋ ಒಂದು ಉಂಡೆಯೊಳಗೆ ಹುದುಗಿಸುವ ಸೂಜಿಮೆಣಸಿತ್ತು! ಕಿವಿಯಲ್ಲಿ ಹೊಗೆ, ಕಣ್ಣಲ್ಲಿ ಧಾರೆ. ಬೀದಿಗೆ ಓಡಿ ನಾಲ್ಕು ಬಕೆಟ್ ನೀರು ಎರಚಿಸಿಕೊಂಡ. ನೀರಿನ ಹಬ್ಬದಲ್ಲಿ ಕಣ್ಣೀರನ್ನು ಯಾರು ಗುರುತಿಸುತ್ತಾರೆ?

ಹತ್ತು ಪಾತ್ರೆಗಳು ಬಂದವು. ಕೊನೆಯದಕ್ಕೆ ಒಂದು ಉಂಡೆ ಕಡಿಮೆ. ಅಷ್ಟರಲ್ಲಿ ಒಂದು ಗಲ್ಲಿಯವರು ತಮ್ಮದು ಬೌದ್ಧ ವಿಹಾರದಲ್ಲೇ ಊಟವೆಂದು ಪಾತ್ರೆ ಹಿಂದಕ್ಕೆ ಒಯ್ದರು. ಒಂಬತ್ತು ಪಾಲು ಮಾಡಿದರೂ ಒಂದು ಕಡಿಮೆ.

"ಎಂಟು ಮಾಡಿ ನೋಡೋಣ," ಎಂದರು ಅತ್ತೆ, ಹಟಕ್ಕೆ ಬಿದ್ದು. ಆಗಲೂ ಒಂದು ಕಡಿಮೆ!

ಝೇಯಾನ ಮೈ ಜುಮ್ಮೆಂದಿತು. "ಏಳು ಮಾಡಿ ಅತ್ತೆ, ಆರು ಮಾಡಿ! ಎರಡೇ ಪಾಲು ಮಾಡಿದ್ರೂ ಒಂದೇ ಒಂದು ಕಡಿಮೆ ಬೀಳುತ್ತೆ! ಎಂಥಾ ಸಂಖ್ಯೆ ನೋಡಿ, ಅದರಲ್ಲಿ ಒಂದನ್ನ ತಿಂದ್ರೆ ಸಾಕು, ಯಾವ ಪಾಲಿನಲ್ಲೂ ಬಚ್ಚಿಡೋಕೆ ಆಗಲ್ಲ!"

ಬೀದಿಯ ಪಿಚಕಾರಿಗಳೂ ನಿಂತವು.

"ತಿಂದ್ರೆ?" ಎಂದರು ಅತ್ತೆ.

"ಮೆಣಸಿಂದು ಮೇಲ್ತುದೀಲೇ ಇಟ್ಟಿದ್ದೆ ಅಮ್ಮ," ಎಂದಳು ಥಂದಾ, ಗಂಡನ ಕೆಂಪು ಮೂಗನ್ನೇ ನೋಡುತ್ತ. "ಕಾಯೋರು ಯಾರು ಅಂತ ಗೊತ್ತಿತ್ತಲ್ಲ."

ಅತ್ತೆ ಒಳಗೆ ಹೋಗಿ ತುರಿಯುವ ಮಣೆ ತಂದು ಅಳಿಯನ ಮುಂದಿಟ್ಟರು, ಜೊತೆಗೆ ಹದಿನೇಳು ತೆಂಗಿನಕಾಯಿ. ಯಾರೊಂದಿಗೂ ಪಾಲು ಮಾಡಿಕೊಳ್ಳಲಾಗದ ಸಂಖ್ಯೆ!