ಸೂರ್ಯನ ಪೆಟ್ಟಿಗೆ ಬಿದ್ದ ಊರುಗಳು

ಆಕಾಶದಿಂದ ಪೆಟ್ಟಿಗೆ ಬೀಳುತ್ತಿರುವ ತನಕ ನನಗೆ ಇಂಥ ಪ್ರಸಂಗಗಳು ತಪ್ಪಿದ್ದಲ್ಲ. ಸೂರ್ಯನಲ್ಲಿ ಜ್ವಾಲೆ ಎದ್ದಾಗ ಹೊಮ್ಮುವ ಎಕ್ಸ್‌ರೇಯನ್ನು ನೆಲ ಮುಟ್ಟುವ ಮೊದಲೇ ಗಾಳಿ ನುಂಗಿಬಿಡುತ್ತದೆ. ಅದಕ್ಕೇ ನಮ್ಮ ಸಂಸ್ಥೆಯವರು ಅದನ್ನು ಅಳೆಯುವ ಉಪಕರಣವನ್ನು ಪೆಟ್ಟಿಗೆಯಲ್ಲಿಟ್ಟು, ಮನೆಗಿಂತ ದೊಡ್ಡ ಬಲೂನಿಗೆ ಕಟ್ಟಿ, ಮೂವತ್ತು ಕಿಲೋಮೀಟರಿಗೂ ಮೇಲೆ ಹಾರಿಸುತ್ತಾರೆ. ಸಂಜೆಯೊಳಗೆ ಪೆಟ್ಟಿಗೆ ಪ್ಯಾರಾಚೂಟಿನಲ್ಲಿ ಯಾರದೋ ಹೊಲಕ್ಕೆ ಇಳಿಯುತ್ತದೆ. ಜೀಪಿನಲ್ಲಿ ಹೋಗಿ ಹೊತ್ತು ತರುವುದು ನನ್ನ ಕೆಲಸ. ಹೊಸೂರು ಪಕ್ಕದ ಆಲಸನತ್ತದ ನಮ್ಮ ಬೀದಿಯವರು ನನ್ನನ್ನು ಬಲೂನು ಮಾರುವವನು ಎಂದುಕೊಂಡಿದ್ದಾರೆ. ತಿದ್ದುವುದನ್ನು ಬಿಟ್ಟಿದ್ದೇನೆ.

ಮುಟ್ಟಬೇಡಿ

ಪೆಟ್ಟಿಗೆಯ ಮೇಲೆ ತಮಿಳು, ಕನ್ನಡ, ತೆಲುಗು ಮೂರರಲ್ಲೂ 'ಯಾರೂ ಮುಟ್ಟಬೇಡಿ' ಎಂದು ಬರೆಸಿದ್ದು ನಾನೇ. ಒಮ್ಮೆ ಅದು ಬೇರಿಕೆ ಊರಿನ ಹತ್ತಿರ ಟೊಮೆಟೊ ತೋಟಕ್ಕೆ ಬಿತ್ತು. ಹೋದರೆ ತೋಟದ ಯಜಮಾನ ಗುದ್ದಲಿ ಹಿಡಿದು ಕಾವಲು ನಿಂತಿದ್ದ. ಖುಷಿಯಿಂದ ಕೈ ಹಾಕಲು ಹೋದೆ.

"ಏಯ್, ದೂರ ನಿಂತ್ಕಳಯ್ಯಾ! ಯಾರೂ ಮುಟ್ಬಾರ್ದು ಅಂತ ಬರೆದೈತೆ."

"ಬರೆಸ್ದೋನು ನಾನೇ ಕಣಯ್ಯಾ."

"ಹಂಗಾದ್ರೆ ನಿಂಗೆ ಮೊದ್ಲೇ ಗೊತ್ತಿರ್ಬೇಕಲ್ಲ?"

ಮಂಡಿ

ತೊರಪಲ್ಲಿ ಆಚೆ ಒಂದು ಹಳ್ಳಿಯಲ್ಲಿ ಪೆಟ್ಟಿಗೆ ಜೀಪಿಗೆ ಏರಿಸುತ್ತಿದ್ದಾಗ ಜನ ಸೇರಿದರು. ನಮ್ಮ ವಿಜ್ಞಾನಿ ಮೇಡಂಗೆ ಜನ ಸೇರಿದರೆ ಪಾಠ ಮಾಡಲೇಬೇಕು. ಆದರೆ 'ಎಕ್ಸ್‌ರೇ' ಎಂಬ ಒಂದು ಮಾತು ಬಿಟ್ಟರೆ ಮಿಕ್ಕದ್ದು ಯಾರಿಗೂ ಬೇಕಾಗಲಿಲ್ಲ. ಒಬ್ಬ ಅಜ್ಜಿ ಮುಂದೆ ಬಂದು, ಸೀರೆ ಎತ್ತಿ, ಮಂಡಿಯನ್ನು ಪೆಟ್ಟಿಗೆಗೆ ಒತ್ತಿ ನಿಂತೇಬಿಟ್ಟಳು.

"ಅಜ್ಜಿ, ಇದು ನಿಮ್ಮ ಎಕ್ಸ್‌ರೇ ತೆಗೆಯಲ್ಲ. ಸೂರ್ಯಂದು ಮಾತ್ರ ನೋಡುತ್ತೆ" ಎಂದರು ಮೇಡಂ.

ಅಜ್ಜಿ ಸೀರೆ ಇಳಿಸಿಕೊಂಡು ಆಕಾಶ ನೋಡಿದಳು. "ಅವನ್ಗೇನಮ್ಮಾ ಬಂದೈತೆ? ದಿನಾ ಸರ್ಯಾಗೇ ಏರಿ ಇಳೀತಾವ್ನಲ್ಲ!"

ಇನ್‌ಸ್ಪೆಕ್ಷನ್

ಒಂದು ಸಲ ಬಲೂನು ಇಡೀ ಹಗಲು ಹಾರಿದರೂ ಸೂರ್ಯ ಒಂದು ಕಿಡಿ ಹಾರಿಸಲಿಲ್ಲ. ಮರುದಿನ ಉಪಕರಣ ಜೀಪಿನಲ್ಲಿ ಟಾರ್ಪಾಲಿನಡಿ ಮಲಗಿದ್ದಾಗ ದೊಡ್ಡ ಜ್ವಾಲೆ ಎದ್ದಿತೆಂದು ಫೋನು ಬಂತು. ಮೇಡಂ ರಸ್ತೆ ಬದಿಯ ಕಲ್ಲಿನ ಮೇಲೆ ಕೂತುಬಿಟ್ಟರು. ಮೊದಲು ಹೊಸೂರಿನ ಫ್ಯಾಕ್ಟರಿಯಲ್ಲಿದ್ದ ನಮ್ಮ ಡ್ರೈವರ್ ಸಮಾಧಾನ ಹೇಳಿದ: "ಇನ್‌ಸ್ಪೆಕ್ಷನ್ ದಿನ ಯಾವ ಮೆಷಿನ್ನೂ ಗಲಾಟೆ ಮಾಡಲ್ಲ ಮೇಡಂ. ಮುಂದಿನ್ಸಲ ಹೇಳ್ದೆ ಹೋಗಿ."

ಮೇಲಿಂದ ಬಂದದ್ದು

ಕೊನೆಗೊಮ್ಮೆ ಹಾರುತ್ತಿದ್ದಾಗಲೇ ಜ್ವಾಲೆ ಎದ್ದಿತು. ಆದರೆ ಅದೇ ಹೊತ್ತಿಗೆ ಸಿಗ್ನಲ್ ಕಡಿದುಹೋಯಿತು. ದಾಖಲೆಯೇನಿದ್ದರೂ ಪೆಟ್ಟಿಗೆಯೊಳಗಿನ ಮೆಮೊರಿ ಕಾರ್ಡಿನಲ್ಲಿ. ಕೃಷ್ಣಗಿರಿ ದಾರಿಯ ರಾಗಿ ಹೊಲಕ್ಕೆ ಓಡಿದರೆ ಅಲ್ಲಿ ಪ್ಯಾರಾಚೂಟು ಮಾತ್ರ ಇತ್ತು, ಪೆಟ್ಟಿಗೆ ಇರಲಿಲ್ಲ. ಮೇಡಂ ಮುಖ ಬಿಳುಚಿತು. ಐದು ವರ್ಷದ ದುಡಿಮೆ. ಹೊಲದವರು ಅದನ್ನು ಗ್ರಾಮದ ಕಚೇರಿಗೆ ಒಪ್ಪಿಸಿದ್ದರು.

ಅಲ್ಲಿಗೆ ಓಡಿದೆವು. ಕಚೇರಿಯ ಅಧಿಕಾರಿ ತಮಿಳರು, ನಮಗಾಗಿ ಕನ್ನಡ ಎಳೆದು ತಂದರು. "ಪೆಟ್ಟಿಗೆ ಎಲ್ಲಿಂದ ಬಂತು ಸಾರ್?"

"ಮೇಲಿಂದ" ಎಂದೆ.

ಥಟ್ಟನೆ ಎದ್ದು ನಿಂತರು. "ಮೇಲಿಂದಾನಾ? ಅಯ್ಯೋ, ಮೊದಲೇ ಸೊಲ್ಲಬಾರದಾ! ಉಕ್ಕಾರುಂಗ, ಉಕ್ಕಾರುಂಗ" ಎಂದು ಕುರ್ಚಿ ಒರೆಸಿ ಕೂರಿಸಿ, ಪೆಟ್ಟಿಗೆಯ ಮೇಲೆ ಸ್ವೀಕೃತಿ ಮುದ್ರೆ ಒತ್ತಿ, ನಂಬರ್ ಹಾಕಿ, ರಿಜಿಸ್ಟರಿನಲ್ಲಿ ಬರೆದುಕೊಂಡು, ಆಮೇಲೆ ನಮಗೆ ಬಿಟ್ಟುಕೊಟ್ಟರು.

ಮೇಡಂ ಅಲ್ಲೇ ಅವರ ಮೇಜಿನ ಮೇಲೆ ಕಾರ್ಡು ತೆಗೆದು ಲ್ಯಾಪ್‌ಟಾಪಿಗೆ ಹಾಕಿದರು. ಪರದೆಯ ಮೇಲೆ ಗೆರೆ ಗೋಪುರದ ಹಾಗೆ ಎದ್ದಿತು. ಜ್ವಾಲೆಯ ಒಂದು ಕ್ಷಣವೂ ದಾಖಲೆಯಿಂದ ತಪ್ಪಿರಲಿಲ್ಲ. ಮೇಡಂ ಕಣ್ಣಲ್ಲಿ ನೀರು.

ಅಧಿಕಾರಿ ಮೆಲ್ಲಗೆ ಕೆಮ್ಮಿದರು. "ಮೇಲಿಂದ ಬಂದದ್ದಕ್ಕೆ ನಾನು ಉತ್ತರ ಕಳಿಸಬೇಕಮ್ಮಾ. ಯಾರು ಕಳಿಸಿದ್ದು ಅಂತ ಬರೀಲಿ?"

ಮೇಡಂ ಪರದೆಯಿಂದ ಕಣ್ಣು ಕೀಳದೆ, ನಗುತ್ತ, ಅಳುತ್ತ ಹೇಳಿದರು: "ಸೂರ್ಯ!"

ಅಧಿಕಾರಿ ಅದನ್ನು ದುಂಡಗೆ ಬರೆದುಕೊಂಡು, ಪೆನ್ನು ಹಾಗೇ ಹಿಡಿದು ಕೇಳಿದರು: "ಸೂರ್ಯ ಸಾರ್‌ದು ಡೆಸಿಗ್ನೇಷನ್?"